ಬೆರಳಗಲದ ಕಪ್ಪು

ಮೂರನೆಯದು ಸತ್ತಿದೆ, ಎಂದಳು ಲಮಾರಾ ಫೋನಿನಲ್ಲಿ.
ಯಾರು ಎಂದು ಕೇಳಹೋಗಿ ತಡೆದುಕೊಂಡೆ:
ಸೆಪ್ಟೆಂಬರಿನಲ್ಲಿ ಅವಳ ಬಾಯಲ್ಲಿ
ಹಕ್ಕಿ ಬಿಟ್ಟರೆ ಪರದೆ, ಬೇರೆ ಮಾತಿಲ್ಲ.

ಬಟುಮಿಯ ಪೇಟೆಯಿಂದ ಗುಡ್ಡದ ಬುಡದವರೆಗೆ
ಮಿನಿಬಸ್ಸು, ಆಮೇಲೆ ಕಾಲು.
ಚೀಲದಲ್ಲಿ ಸ್ಕ್ರೂಡ್ರೈವರು, ನೀಲಿ ಮೂತಿಯ ಹಳೆ ಕೇಬಲ್ಲು,
ಹೆಂಡತಿ ಕಟ್ಟಿಕೊಟ್ಟ ಚೀಸಿನ ರೊಟ್ಟಿ.
ಎಣಿಕೆಯ ಕೋಣೆಯೆಂದರೆ
ಹಿಂದೆ ಚಹಾ ಎಲೆ ತೂಗುತ್ತಿದ್ದ ಶೆಡ್ಡು;
ತಕ್ಕಡಿಯ ಕೊಕ್ಕೆಯಲ್ಲಿ ಈಗ ಅವಳ ಕೋಟು.

ಉತ್ತರ ಒಂದರಲ್ಲಿ, ನೆತ್ತಿ ಎರಡರಲ್ಲಿ,
ಟರ್ಕಿಯ ಕಡೆಯ ಆಕಾಶ ಮೂರರಲ್ಲಿ.
ಹೋದ ವಾರ ಯಾರೋ ದಾನ ಕೊಟ್ಟ ವೀಡಿಯೊ ಕಾರ್ಡು
ಪೆಟ್ಟಿಗೆಯೊಳಗೆ ಬಂದು ಕೂತಿತ್ತು
ಎರಡು ಫ್ಯಾನು, ಒಂದು ಕೆಂಪು ದೀಪ, ಅಳಿಯನ ಗತ್ತು.
ಅದಕ್ಕಿರುವುದು ಎರಡೇ ಬಾಯಿ.
ಮೂರನೆಯ ಕೇಬಲ್ಲು ಮೊದಲಿನಂತೆ
ಮದರ್‌ಬೋರ್ಡಿನ ಬೆನ್ನು ಕಚ್ಚಿಕೊಂಡೇ ಇತ್ತು,
'ಸಿಗ್ನಲ್ ಇಲ್ಲ' ಎಂಬ ಮಾತು
ಕಪ್ಪು ಗಾಜಿನ ಮೂಲೆ ಮೂಲೆಗೆ ಅಲೆಯುತ್ತ.

ನಾಲ್ಕು ದಿನದ ಗಿಡುಗಗಳು
ಎರಡನೆಯ ಪರದೆಯ ಅಂಚಿಗೆ ಬಂದು ಇಲ್ಲವಾಗಿದ್ದವು.
ದಾಟಿದವೋ, ಮಳೆಗೆ ಹೆದರಿ ಹಿಂದಿರುಗಿದವೋ,
ನಾನೇನು ಬರೆಯಲಿ?
ಅವಳ ವಹಿಯಲ್ಲಿ ಆ ಕಾಲಮು ಖಾಲಿ.
ಸೊನ್ನೆ ಹಾಕಿಲ್ಲ. ಸೊನ್ನೆ ಕೂಡ ನೋಡಿ ಬರೆಯಬೇಕಾದದ್ದು, ಎಂದಳು.

ಇನ್ನೊಂದು ಕಾರ್ಡು ಕೊಳ್ಳಬೇಕೇನೋ, ಎನ್ನುತ್ತ
ಕೋಟಿನ ಜೇಬು ಮುಟ್ಟಿ ನೋಡಿಕೊಂಡಳು.
ಬೇಡ.
ಒಳಗೆ ಒಬ್ಬನಿದ್ದಾನೆ, ಪ್ರೊಸೆಸರಿನ ಜೊತೆಗೇ ಹುಟ್ಟಿದವನು,
ಹಿತ್ತಲ ಗಿಡ ಮದ್ದಲ್ಲವೆಂದು
ತಾನೇ ತನಗೆ ಹೇಳಿಕೊಂಡು ಮಲಗಿದ್ದಾನೆ.

ಯಂತ್ರ ಆರಿಸಿ, ಹೊತ್ತಿಸಿ,
ಡಿಲೀಟ್ ಕೀಲಿಯನ್ನು ಬಾಗಿಲು ಬಡಿದಂತೆ ಬಡಿದೆ.
ಬೂದು ಪುಟ, ಸಣ್ಣಕ್ಷರ.
ಒಳಗಿನ ಗ್ರಾಫಿಕ್ಸ್: ಆಟೊ.
ಆಟೊ ಎಂದರೆ,
ದೊಡ್ಡವರು ಬಂದಿದ್ದಾರೆ, ನಾನು ಮಾತಾಡುವುದಿಲ್ಲ.
ಬಾಣದ ಗುರುತು ಒಂದು ಸಾಲು ಇಳಿಸಿದೆ: ಚಾಲೂ.
ಮೊದಲ ಮಣೆ ಕಾರ್ಡಿಗೇ ಇರಲಿ,
ಇವನ ಪಾಲಿಗೆ ಮನೆಯ ಒಟ್ಟು ನೆನಪಿನಿಂದ
ಅರವತ್ತನಾಲ್ಕು ಎಂಬಿ ಎತ್ತಿಟ್ಟೆ.

ಡ್ರೈವರು ಇಳಿಯುವಷ್ಟರಲ್ಲಿ ರೊಟ್ಟಿ ಮುಗಿಯಿತು.
ಮೂರನೆಯದು ಕಣ್ಣುಜ್ಜಿಕೊಂಡು ಎದ್ದಿತು,
ತುಸು ಹಳದಿ, ಜ್ವರ ಬಿಟ್ಟವರ ಮೈಬಣ್ಣ.
ಆದರೆ ಯಂತ್ರಕ್ಕೆ ಅದು ಎಡಗಡೆ ಇದೆಯೆಂದು ಭ್ರಮೆ:
ಗಿಡುಗಗಳು ಮೊದಲು ದಕ್ಷಿಣದಲ್ಲಿ ಕಾಣಿಸಿ
ಆಮೇಲೆ ಉತ್ತರಕ್ಕೆ ಹಾರಿ ಬಿದ್ದವು.
ವಸಂತ ಬಂತಾ ವಾಝಾ, ಎಂದು ನಕ್ಕಳು,
ಈ ವರ್ಷ ಅವಳು ನಕ್ಕದ್ದು ನಾನು ಕಂಡದ್ದು ಅದೇ ಮೊದಲು.
ಮೂರರ ಚೌಕವನ್ನು ಮೌಸಿನಿಂದ ಎಳೆದು
ಬಲಕ್ಕೆ ತಂದು ಕೂರಿಸಿದೆ.

ನಾಲ್ಕು ಗಂಟೆಗೆ ಬಂದಿತು ನೋಡಿ, ಹಿಂಡು.
ಒಂದರಿಂದ ಎರಡಕ್ಕೆ ಸಲೀಸು.
ಎರಡರಿಂದ ಮೂರಕ್ಕೆ ಮಾತ್ರ
ರೆಪ್ಪೆ ಬಡಿಯುವಷ್ಟು ತಡ,
ಇಲ್ಲಿ ಇಳಿಸಿದ ರೆಕ್ಕೆ
ಅಲ್ಲಿ ಆಗಲೇ ಎತ್ತಿರುತ್ತದೆ.
ನಡುವೆ ಎರಡು ಚೌಕಟ್ಟು ಸೇರಿದ
ಬೆರಳಗಲದ ಕಪ್ಪು ಪ್ಲಾಸ್ಟಿಕ್ಕು.
ನನ್ನ ಕಣ್ಣು ಅದನ್ನು ಹಾರಿ ಮುಂದೆ ಹೋಗುತ್ತಿತ್ತು.
ಲಮಾರಾ ಅದನ್ನೇ ನೋಡುತ್ತಿದ್ದಳು,
ಒಳಗೆ ಹೋದದ್ದು ಹೊರಬರುವ ತನಕ
ಹೆಬ್ಬೆರಳನ್ನು ಕ್ಲಿಕ್ಕರಿನ ಮೇಲೆ ಭಾರ ಬಿಡದೆ ಇಟ್ಟುಕೊಂಡು.

ದುಡ್ಡು ಬೇಡವೆಂದೆ. ಮೂರು ಕಿತ್ತಳೆ ಕೊಟ್ಟಳು,
ಇನ್ನೂ ಹಸುರು, ಹುಳಿ.
ಇಳಿಯುವ ದಾರಿಯಲ್ಲಿ ಒಂದನ್ನು ಸುಲಿಯುತ್ತ ತಲೆಯೆತ್ತಿದರೆ
ಅಂಚೇ ಇಲ್ಲದ ಆಕಾಶದಲ್ಲಿ ಅವೇ.
ಎಣಿಸೋಣವೆಂದು ನಿಂತೆ.
ಹದಿನೇಳಕ್ಕೆ ಲೆಕ್ಕ ತಪ್ಪಿತು.