ಬಣ್ಣ ಕಡಿಮೆ

ಸಾಕಿನಾಕಾದ ಟಯರ್ ಅಂಗಡಿಯ ಮೇಲಿನ ಮಹಡಿ,
ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ.
ನನ್ನ ಕೆಲಸ ಬಣ್ಣ ತಿದ್ದುವುದು.
ಬಂದದ್ದು ಮೂರು ನಿಮಿಷ ನಲವತ್ತು ಸೆಕೆಂಡಿನ ಹಾಡು.

ಮುಂದೆ ದಿಬ್ಬಣ. ಬಿಳಿ ಕುದುರೆ, ಗಾಯಕನ ಬಿಳಿ ಶೇರ್ವಾನಿ,
ತಲೆಯ ಮೇಲೆ ದೀಪ ಹೊತ್ತ ಹೆಂಗಸರು.
ಹಿಂದೆ, ಫೋಕಸ್ಸಿಗೆ ಸಿಗದ ಕಡೆ,
ಒಬ್ಬನನ್ನು ಹತ್ತು ಮಂದಿ ಹೊಡೆಯುತ್ತಿದ್ದಾರೆ,
ತಾಳ ತಪ್ಪದೆ.
ಡೋಲಿನ ಪೆಟ್ಟು ಯಾವುದು, ಬೆನ್ನಿನ ಪೆಟ್ಟು ಯಾವುದು,
ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆ.

"ವಿಷಯವೇ ಅದು," ಎಂದ ನಿರ್ದೇಶಕ ನಿಹಾರ್ ಗುಪ್ತೆ,
"ಯಾರೂ ತಿರುಗಿ ನೋಡುವುದಿಲ್ಲ.
ನೋಡುವವರೂ ಮೊದಲು ಕುಣಿಯಬೇಕು, ಆಮೇಲೆ ನಾಚಬೇಕು."
ಒಳ್ಳೆಯ ಮಾತು. ನನಗೂ ಹಿಡಿಸಿತು.
ಆಮೇಲೆ ಅವನೇ ಅಂದ:
ಗಾಯಕನ ಕೆನ್ನೆ ಎರಡು ಪಾಯಿಂಟ್ ಎತ್ತು,
ಹಿಂದಿನವನನ್ನು ಇನ್ನೂ ಇಳಿಸು, ಕಣ್ಣು ಹಲ್ಲು ಕಂಡರೆ ಸಾಕು.
ರಕ್ತ ಇಷ್ಟು ಕೆಂಪಿದ್ದರೆ ಬಿಡುಗಡೆಗೆ ಬಿಡುವುದಿಲ್ಲ,
ಕಾಫಿಯ ಬಣ್ಣಕ್ಕೆ ತಾ.
ತಂದುಕೊಟ್ಟೆ.

ನಮ್ಮ ಮನೆಮಾತಿನಲ್ಲಿ ಕಪ್ಪಗಿದ್ದವರಿಗೆ
ಬಣ್ಣ ಕಡಿಮೆ ಅನ್ನುತ್ತಾರೆ.
ಡೊಂಬಿವಿಲಿಯ ಎರಡು ಕೋಣೆಯ ಮನೆಗೆ ಬಂದ ಗಂಡಿನ ಕಡೆಯವರು
ಉಪ್ಪಿಟ್ಟು ತಿಂದು, ಕೈ ತೊಳೆದು,
ಅಕ್ಕ ವಾರಿಜಳನ್ನು ಹಾಗೆ ಅಂದು ಹೋದರು.
ಎಲ್ಲೋ ಸೋರಿಹೋದ ಹಾಗೆ,
ಅಂಗಡಿಯವನು ತೂಕ ಹೊಡೆದ ಹಾಗೆ.
ಎಣ್ಣೆಗೆಂಪು ಅಂತ ಬರೆಸೋಣ, ಅಂದಳು ಅಮ್ಮ.
ಬಚ್ಚಲಲ್ಲಿ ಕಡಲೆಹಿಟ್ಟಿನ ಬಟ್ಟಲು ಒಣಗಿ ಬಿರುಕು ಬಿಟ್ಟಿತ್ತು.
ಈ ಕಸುಬನ್ನು ನಾನು ಅಂದೇ ಕಲಿತಿರಬೇಕು.

ಮೂರನೆಯ ರಾತ್ರಿ ವಾಚ್‌ಮನ್ ಫೋನು ಮಾಡಿದ:
ಯಾರೋ ನೈಜೀರಿಯಾದವನು, ಬಾಕಿ ದುಡ್ಡಂತೆ,
ಇಂಗ್ಲಿಷ್ ಮಾತಾಡಬೇಕು, ನೀವೇ ಬನ್ನಿ.
ಅಮ್ಮನಿಗೆ ಫೋನಿನಲ್ಲಿ ಊಟ ಮಾಡಿ ಮಲಗು ಎನ್ನುತ್ತ,
ಮನಸ್ಸಿನಲ್ಲಿ ಇಂಗ್ಲಿಷ್ ಜೋಡಿಸುತ್ತ ಮೆಟ್ಟಿಲಿಳಿದೆ.
"ಅಕ್ಕಾರ, ಕನ್ನಡದವರನ್ರೀ ನೀವು?
ನಾ ಹಳಿಯಾಳದಾಂವ. ಇನಾಸ ಸಿದ್ದಿ."

ಎಡಗಣ್ಣು ಬಾತಿತ್ತು. ಮೇಕಪ್ಪಲ್ಲ.
ಶೂಟಿಂಗ್ ಮುಗಿಸಿ ಬರುವಾಗ ಮೀರಾ ರೋಡಿನ ರೈಲ್ವೆ ಸೇತುವೆಯ ಮೇಲೆ
ನಾಲ್ಕು ಜನ ಪಾಸ್‌ಪೋರ್ಟ್ ಕೇಳಿದರಂತೆ.
ಆಧಾರ್ ತೋರಿಸಿದ. ನಕಲಿ ಅಂದರು.
ಹಿಂದಿಯಲ್ಲಿ ಹೇಳಿದ, ಮರಾಠಿಯಲ್ಲಿ ಹೇಳಿದ,
ಪೆಟ್ಟು ಬಿದ್ದಾಗ ಬಾಯಿಗೆ ಬಂದದ್ದು "ಯವ್ವಾ".
ಕೇಳ್ರೋ ಆಫ್ರಿಕಾದ ಭಾಷೆ, ಅಂತ ನಕ್ಕರಂತೆ.

ಅದರದೂ ವಿಡಿಯೋ ಇದೆ, ಅವನೇ ತೋರಿಸಿದ.
ಕುದುರೆಯಿಲ್ಲ, ಡೋಲಿಲ್ಲ.
ವಿರಾರ್ ಲೋಕಲ್ಲಿನ ಘೋಷಣೆ, ಇಳಿಯುವ ಕಾಲುಗಳು,
ಭುಜದಿಂದ ಜಾರಿದ ಚೀಲ ಸರಿಮಾಡಿಕೊಳ್ಳಲು
ಒಂದು ಗಳಿಗೆ ನಿಂತ ಒಬ್ಬಾಕೆ, ಮತ್ತೆ ಇಳಿದುಹೋದಳು.
ಯಾರೂ ತಿರುಗಿ ನೋಡುವುದಿಲ್ಲ.
ಗುಪ್ತೆ ಹೇಳಿದ್ದು ಸರಿಯೇ.
ನಾಚುವುದಕ್ಕೆ ಮಾತ್ರ ಇದರಲ್ಲಿ ಜಾಗ ಬಿಟ್ಟಿರಲಿಲ್ಲ.

"ನನ್ನ ಮಾರಿ ಕಾಣ್ತದೇನ್ರೀ ಹಾಡಿನ್ಯಾಗ?
ಅವ್ವಗ ತೋರಸಬೇಕು."
ಕಾಣುತ್ತದೆ, ಅಂದೆ.

ನಮ್ಮ ಯಂತ್ರದಲ್ಲಿ ಒಂದು ಓರೆ ಗೆರೆಯಿದೆ.
ಯಾರ ಚರ್ಮವನ್ನಾದರೂ ಹಿಡಿ,
ಗಾಯಕನದು, ವಾರಿಜಳದು, ಇನಾಸನದು,
ಬೆಳಕು ಹೆಚ್ಚುಕಮ್ಮಿಯಾದೀತು,
ಬಣ್ಣ ಮಾತ್ರ ಆ ಗೆರೆಯ ಹತ್ತಿರವೇ ಬಂದು ಕೂರುತ್ತದೆ.
ಒಳಗೆ ಹರಿಯುವ ರಕ್ತದಿಂದ ಹಾಗೆ, ಎಂದು ಕಲಿಸಿದ್ದರು.
ಹನ್ನೊಂದು ವರ್ಷ ಅದನ್ನು ನೋಡಿಕೊಂಡೇ
ಎತ್ತಿದ್ದೇನೆ, ಇಳಿಸಿದ್ದೇನೆ.

ಮೇಲೆ ಬಂದು, ಎರಡನೆಯ ನಿಮಿಷದ ಹದಿನೇಳನೆಯ ಸೆಕೆಂಡಿನಲ್ಲಿ,
ಕುದುರೆ ತಲೆ ಕೊಡವಿ ಸಂದು ಬಿಡುವಲ್ಲಿ,
ಹನ್ನೆರಡು ಫ್ರೇಮು ಅವನ ಮುಖಕ್ಕೆ ಬೆಳಕು ಬಿಟ್ಟೆ.
ಅರ್ಧ ಸೆಕೆಂಡು.
ಗುಪ್ತೆ ಆಗ ಕಣ್ಣು ಮಿಟುಕಿಸಿದ್ದನೋ ಏನೋ, ಹಿಡಿಯಲಿಲ್ಲ.
ರಕ್ತ ಕಾಫಿಯಾಗಿಯೇ ಉಳಿದಿದೆ,
ಅಷ್ಟು ಧೈರ್ಯ ಆಗಲಿಲ್ಲ.

ಹಳಿಯಾಳದ ಕಡೆ ಯಾವುದೋ ಅಂಗಳದಲ್ಲಿ
ಒಬ್ಬ ಹೆಂಗಸು ಬಿಸಿಲಿಗೆ ಸೆರಗು ಮರೆಮಾಡಿ
ಅಂಗೈಯಗಲದ ಫೋನು ಹಿಡಿದಿರಬಹುದು,
ಕುಣಿಯುವವರು ಒಂದಿಷ್ಟು ಆಚೆ ಸರಿಯಲಿ ಅಂತ
ಕತ್ತು ವಾಲಿಸಿ ನೋಡುತ್ತ.