ಏಳು ಸೊನ್ನಿ

ಯಾದಗಿರಿ ತಹಶೀಲ ಕಚೇರಿ ಎದುರಿಗೆ
ಬೇವಿನ ಗಿಡದ ನೆಳ್ಳಾಗ ನನ್ನ ಡಬ್ಬಿ ಅಂಗಡಿ.
ಹನ್ನೊಂದು ವರ್ಷ ಮಂದಿ ಹೇಳಿದ್ದು ಟೈಪು ಮಾಡೀನಿ;
ಅವರು ಅಳತಿದ್ರು, ನಾ ಒತ್ತಕ್ಷರ ಹುಡುಕತಿದ್ದೆ.

ನಾಳೆ ಈ ಕಂಪ್ಯೂಟರು ಮೋಡಕಾದವನ ಪಾಲು.
‘ಡಿಲೀಟ್ ಒತ್ತಕ್ಕ, ಮುಗೀತು’ ಅಂತಾನ
ಚಾ ತರೋ ಮಹೆಬೂಬ.
ಮುಗಿಯಂಗಿಲ್ಲೋ ತಮ್ಮಾ.
ಡಿಲೀಟ್ ಅಂದ್ರ ರೇಷನ್ ಪಟ್ಟಿಯಾಗ ಹೆಸರು ಹೊಡದಂಗ:
ಹೆಸರು ಹೋಗತದ, ಮನುಷ್ಯಾ ಅಲ್ಲೇ ಇರತಾನ,
ಹಸಕೊಂಡು.

ಹ್ವಾದ ವರ್ಷ ವಡಗೇರಿ ಸಾಬಮ್ಮ ಬಂದು
‘ಬಾಗಲಾ ಹಾಕ್ರಿ’ ಅಂದ್ಲು.
ಬಾಗಲೆಲ್ಲದ ಇಲ್ಲಿ? ಶಟರು ಅರ್ಧಾ ಇಳಿಸಿದೆ.
ಆಕಿ ಹೇಳಿದ್ದು ಎರಡು ಪುಟ.
ಪ್ರಿಂಟು ಮಡಚಿಕೊಂಡು, ಚಿಲ್ಲರ ಎಣಿಸಿ ಕೊಟ್ಟು,
‘ಅಳಿಸ್ರಿ, ನನ್ನ ಕಣ್ಣೆದುರಿಗೇ.’
ಅಳಿಸಿದೆ. ನನಗಾಗ ಅಷ್ಟೇ ಗೊತ್ತಿತ್ತು.

ನಾಕನೇ ದಿನ ಆಕಿ ಮೈದುನ.
ಐದುನೂರರ ನೋಟು ಕೀಬೋರ್ಡಿನ ಮ್ಯಾಲ.
‘ಅಳಿಸಿದ್ದು ತೆಗಿಯೋ ಸಾಫ್ಟ್‌ವೇರ್ ಅದ ಅಂತಲ್ಲ, ತೆಗೀರಿ.’
ಬರಂಗಿಲ್ಲ ನನಗ, ಅಂದೆ.
ಆತ ಹ್ವಾದ ಮ್ಯಾಲ ತೆಗದು ನೋಡಿದೆ,
ಸುಳ್ಳ್ಯಾಕ ಹೇಳಲಿ.
ಬೀಡಿ ಸೇದೋವಷ್ಟು ಹೊತ್ತು, ಎರಡೂ ಪುಟ ಎದ್ದು ಬಂದ್ವು,
ನಾ ತಪ್ಪು ಹಾಕಿದ ಒಂದು ದೀರ್ಘದ ಸಮೇತ.

ಅದಕ್ಕ ಇವತ್ತ ಕರೀ ಪರದೆ ತೆಗದು
ಒಂದೊಂದೇ ಅಕ್ಷರ ನೋಡಿಕೊಂತ ಹೊಡದೆ:
ಶ್ರೆಡ್, ಒಂದು ಅಡ್ಡಗೆರಿ, ಯು, ವಿ.
ಇಲ್ಲಿ ಕಸದ ಬುಟ್ಟಿ ಇಲ್ಲ.
‘ಖರೇನಾ?’ ಅಂತ ಕೇಳೋರೂ ಇಲ್ಲ.
ಎಂಟರಿಗೆ ಮುಂಚೆ ಕೈ ಸೆರಗಿಗೆ ಒರೆಸಿಕೊಂಡೆ.

ಆಕಿ ಮಾತಿನ ಮ್ಯಾಲ ಅರ್ಥಿಲ್ಲದ್ದು ಬರೀತು ಒಂದು ಸಲ,
ಎರಡು, ಮೂರು,
ಬಿತ್ತೋ ಮುಂಚೆ ಕುಂಟಿ ಹೊಡದಂಗ.
ಹಳೇ ಡಿಸ್ಕು, ತಿರುಗೋದು ಕೇಳಸ್ತದ.
ಹೊಸ ನಮೂನಿವು ಸುಮ್ಮನ ಇರತಾವ,
ಅವನ್ನ ನಂಬಂಗಿಲ್ಲ.

ಆಮ್ಯಾಲ ಹೆಸರು.
ಇಂಗ್ಲಿಷಿನಾಗ ಆಕಿದು ಏಳಕ್ಷರ.
ಅದನ್ನೂ ಬಿಡಲಿಲ್ಲ ಮಷೀನು:
೦೦೦೦೦೦೦
೦೦೦೦೦೦
೦೦೦೦೦
೦೦೦೦
೦೦೦
೦೦
೦
ಅದೂ ಹೋತು.

‘ಯಾರದಿತ್ತಕ್ಕ?’
ಚಾ ಆರತದ ನೋಡು, ಅಂದೆ.

ಉಳಿದದ್ದು ಸಾವಿರಗಟ್ಟಲೆ ಅದಾವ,
ಖಾಲಿ ಅನ್ನೋ ಜಾಗದಾಗ ಕೂತವು ಬ್ಯಾರೆ.
ಪೆನ್‌ಡ್ರೈವ್ ಹಚ್ಚಿ ರಾತ್ರಿ ಇಡೀ ಡಿಸ್ಕಿಗೇ ಬಿಡತೀನಿ,
ಮುಂಜಾನಿತನಕ ತಿರಗಲಿ.
ಇದೊಂದು ಮಾತ್ರ ಕಣ್ಣೆದುರಿಗೆ ಆಗಬೇಕಿತ್ತು.

ಮಹೆಬೂಬಾ,
ಹೊಂಟಾಗ ಆ ಶಟರು ಅರ್ಧಾ ಇಳಿಸು.