ಬೂಷ್ಟು ಹಿಡಿದ ವರ್ಷ

ಚೆಟ್ಟಳ್ಳಿಯ ಇಳಿಜಾರಿನಲ್ಲಿ ನಮ್ಮದು ಮೂರೂವರೆ ಎಕರೆ ರೊಬಸ್ಟಾ.
ಹೋದ ವರ್ಷ ಕಾಯಿಕೊರಕ ಹೊಕ್ಕಿತು.
ಎಳ್ಳಿಗಿಂತ ಸಣ್ಣ ಕರಿ ಹುಳ, ಕಾಯಿಯ ತುದಿಗೆ
ಸೂಜಿ ಚುಚ್ಚಿದಷ್ಟೇ ತೂತು. ಒಳಗೆಲ್ಲ ಪುಡಿ.

ದೇಚುವಿಗೂ ಅದೇ ವರ್ಷ.
ಬೆಳಿಗ್ಗೆ ಎದ್ದರೆ ವಾಂತಿ. ಶಾಲೆ ತಪ್ಪಿಸುವ ನೆಪವೆಂದು ಗದರಿದೆ.
ಆ ಗದರಿಕೆ ಇನ್ನೂ ನನ್ನ ಬಾಯಲ್ಲೇ ಇದೆ,
ನುಂಗಲಾರೆ, ಉಗುಳಲಾರೆ.
ಆಮೇಲೆ ಕತ್ತು ಓರೆಯಾಯಿತು. ಬಲಗೈಯಿಂದ ಕಡಂಬುಟ್ಟು ಜಾರಿತು.
ಮಡಿಕೇರಿ, ಮೈಸೂರು, ಅಲ್ಲಿಂದಾಚೆಗೆ ಒಂದು ಕಪ್ಪು ಫಿಲ್ಮು:
ತಲೆಯೊಳಗೆ ಕಾಫಿಹಣ್ಣಿನಷ್ಟು ಬೆಳಕು.

ಕತ್ತರಿ ಆಯಿತು, ಕಿರಣ ಆಯಿತು.
ಮತ್ತೆ ಬಂತು.

ಮಾತಿನ ನಡುವೆ ಕನ್ನಡಕ ಒರೆಸುವ ಆ ಡಾಕ್ಟರಮ್ಮ ಹೇಳಿದರು:
ಒಂದು ವೈರಸ್ ಇದೆ.
ತುಟಿಯ ಮೇಲೆ ಜ್ವರಗುಳ್ಳೆ ಏಳಿಸುತ್ತದಲ್ಲ, ಅದೇ ಜಾತಿ. ಹಲ್ಲು ಕಿತ್ತಿದ್ದೇವೆ.
ಒಳ್ಳೆಯ ಕೋಶ ಹೊಕ್ಕರೆ ಬೆಳೆಯದು.
ಗೆಡ್ಡೆಯದು ಸಿಕ್ಕರೆ ಅದರೊಳಗೆ ಹೆಚ್ಚಿ, ಒಡೆದು, ಪಕ್ಕದ್ದಕ್ಕೆ ದಾಟುತ್ತದೆ.
ಇದು ಪ್ರಯೋಗ. ಮಾತು ಕೊಡಲಾರೆ.

ನಾನು ಮಡಿಕೇರಿ ಆಸ್ಪತ್ರೆಯ ಲ್ಯಾಬಿನವಳು.
ಹದಿನೇಳು ವರ್ಷ ಡೆಂಗಿಯ ರಕ್ತ ಎಣಿಸಿ ಕೈ ತೊಳೆದವಳು,
ವೈರಸ್ ಎಂದರೆ ಗ್ಲೌಸು ಹುಡುಕುವವಳು.
ಮಗಳ ನೆತ್ತಿಗೆ ಅದನ್ನೇ ಬಿಡಿ ಎಂದು
ಯಾವ ಕೈಯಲ್ಲಿ ಸಹಿ ಹಾಕಲಿ?

ರಾತ್ರಿ ಫೋನಿನಲ್ಲಿ ಬಿದ್ದಪ್ಪ ತುಂಬ ಹೊತ್ತು ಸುಮ್ಮನಿದ್ದ.
ಆಮೇಲೆ, "ಬೂಷ್ಟು ಹಿಡಿದಿದೆ."
ಯಾತಕ್ಕೆ?
"ಹುಳಕ್ಕೆ. ಜೂನಿನಲ್ಲಿ ಹೊಡೆದೆನಲ್ಲ, ಆ ಶಿಲೀಂಧ್ರ.
ತೂತಿನ ಬಾಯಲ್ಲಿ ಬೆಳ್ಳಗೆ, ಹತ್ತಿಯ ಹಾಗೆ.
ಹುಳ ಅಲ್ಲೇ ಸತ್ತಿದೆ, ಕಾಯಿ ಗಟ್ಟಿಯಿದೆ.
ಎಲ್ಲ ಕಾಯಿಯಲ್ಲೂ ಅಲ್ಲ" ಎಂದೂ ಸೇರಿಸಿದ,
ಸುಳ್ಳು ಬಾರದವನು.

ಸಹಿ ಹಾಕಿದೆ.

ದೇಚು ಕೇಳಿದ್ದೇ ಬೇರೆ:
"ಒಳಗೆ ಹೋದಮೇಲೆ ಅದಕ್ಕೆ ಊಟ?"
ನಿನ್ನ ಗೆಡ್ಡೆಯೇ ಊಟ.
"ಅದು ಮುಗಿದಮೇಲೆ?"
ಹಸಿದು ಸಾಯುತ್ತದೆ ಎಂದೆ, ನನಗೇನೂ ಗೊತ್ತಿರದೆ.
"ಪಾಪ" ಎಂದಳು. ಎಂಟು ವರ್ಷ ಅವಳಿಗೆ.

ನೂಲಿನಂಥ ಕೊಳವೆಯಲ್ಲಿ ಆರು ಗಂಟೆ ಇಳಿಯಿತು.
ಬಣ್ಣವಿಲ್ಲ, ವಾಸನೆಯಿಲ್ಲ.
ಎರಡನೇ ರಾತ್ರಿ ಮೈ ಕಾದಾಗ
ಜನ್ಮದಲ್ಲಿ ಮೊದಲ ಸಲ ಜ್ವರವನ್ನು
ನೆಂಟರು ಬಂದ ಹಾಗೆ ಎದ್ದು ಕೂತು ಎದುರುಗೊಂಡೆ.

ಆರನೇ ವಾರದ ಫಿಲ್ಮಿನಲ್ಲಿ ಬೆಳಕು ದೊಡ್ಡದಾಗಿತ್ತು.
ಡಾಕ್ಟರಮ್ಮ ಕನ್ನಡಕ ತೆಗೆದರು, ಒರೆಸಲಿಲ್ಲ.
ಗೆಡ್ಡೆಯೇ ಬೆಳೆದದ್ದಿರಬಹುದು.
ಇಲ್ಲವೇ, ಅದನ್ನು ಮುಗಿಸಲು ಮೈಯ ಕಾವಲಿನವರೆಲ್ಲ
ಓಡಿ ಬಂದು ನೆರೆದ ಊತವಿರಬಹುದು.
ಫಿಲ್ಮಿನಲ್ಲಿ ಎರಡೂ ಒಂದೇ ಥರ.
ಇನ್ನೆಂಟು ವಾರ ಕಾಯೋಣ.

ಕಾಯುತ್ತಿದ್ದೇವೆ.
ದೇಚು ಅಪ್ಪನ ಹಿಂದೆ ತೋಟದ ಸಾಲಿನಲ್ಲಿ,
ಎಡಗೈಯಿಂದ ತೂತು ಕಾಯಿ ಕಿತ್ತು ಡಬ್ಬಿಗೆ ಹಾಕುತ್ತಾಳೆ:
ಬೆಳ್ಳಗಾದವು ಒಂದಕ್ಕೆ, ಆಗದವು ಒಂದಕ್ಕೆ.
ನಿನ್ನೆ ಮಸೂರ ಹಿಡಿದು ಒಂದು ಕಾಯಿಯನ್ನು
ಬಹಳ ಹೊತ್ತು ನೋಡಿ, ಒಳಗೆ ಬಂದು
ಇನ್ನೊಂದು ಡಬ್ಬಿ ಬೇಕೆಂದಳು,
ಹೇಳಲಾಗದವಕ್ಕೆ.

ಸಕ್ಕರೆ ಬೇರೆ ಪಾತ್ರೆಗೆ ಸುರಿದು
ಕೊಟ್ಟೆ.